ಕಾಗದಕ್ಕಿಳಿದ ಅವ್ವ

ನಮ್ಮೂರಲ್ಲಿ ಅತ್ತೆ ಹೇಳಿದ ಹಾಗೆ ಉಪ್ಪಿನಕಾಯಿ ಹಾಕುವ ಕ್ರಮವನ್ನು ಬರೆದಿಟ್ಟುಕೊಳ್ಳುವಷ್ಟು ದಡ್ಡ ಸೊಸೆಯರು ಯಾರೂ ಇಲ್ಲ. ಬೇರೆ ಊರಿನಿಂದ ಬಂದವಳೊಬ್ಬಳು ಹಾಗೆ ಮಾಡಿದ್ದಳು. ಹೇಳಿ ಮುಗಿಸಿದ ಅತ್ತೆ ಎದುರಿಗಿದ್ದ ಭರಣಿಯನ್ನೇ ದಿಟ್ಟಿಸಿ, ‘ಇದರಾಗ ಏನ್ ಹಾಕತಾರವ್ವಾ?’ ಎಂದು ಸೊಸೆಯನ್ನು ಕೇಳಿದಳಂತೆ. ಒಬ್ಬರು ಹೇಳಿ ಇನ್ನೊಬ್ಬರು ಬರೆದರೆ ಮುಗಿಯಿತು, ಕಾಗದಕ್ಕೆ ಇಳಿದದ್ದು ಹೇಳಿದವರ ತಲೆಯಿಂದ ಹೋಗಿಬಿಡುತ್ತದೆ. ಅದಕ್ಕೇ ನಮ್ಮಲ್ಲಿ ಕಿರಾಣಿ ಸಾಮಾನೂ ಬಾಯಲ್ಲೇ, ಮದುವೆಯ ಮಾತುಕತೆಯೂ ಬಾಯಲ್ಲೇ. ಪೊಲೀಸ್ ಠಾಣೆಯಲ್ಲಿ ದೂರು ಬರೆಸಿದವನು ಹೊರಗೆ ಬಂದು, ‘ನಾ ಇಲ್ಲಿಗ್ಯಾಕ ಬಂದಿದ್ದೆ?’ ಎಂದು ಚಹಾದಂಗಡಿಯವನನ್ನು ಕೇಳುತ್ತಾನೆ. ಇಷ್ಟು ಶಾಂತವಾದ ಠಾಣೆ ಬೇರೆಲ್ಲೂ ಇರಲಿಕ್ಕಿಲ್ಲ. ಕೂಸು ಕಳೆದುಕೊಂಡವರು, ಮನೆ ಮುರಿದುಕೊಂಡವರು ಬೇಕೆಂದೇ ಬರೆಸುತ್ತಾರೆ. ಹಾಳೆಯನ್ನು ಹೊಳೆಗೆ ಬಿಟ್ಟು, ಹಗುರಾಗಿ, ಒಂದಿಷ್ಟು ಪೆಚ್ಚಾಗಿ ಮನೆಗೆ ಬರುತ್ತಾರೆ. ಮನೆಯವರು ಬಾಗಿಲಿಗೊಂದು ಬಿಳಿ ಬಟ್ಟೆಯ ತುಂಡು ಕಟ್ಟುತ್ತಾರೆ. ಅದನ್ನು ನೋಡಿದವರು ಆ ಮನೆಯಲ್ಲಿ ಹಳೆಯ ಮಾತು ತೆಗೆಯುವುದಿಲ್ಲ.

ಹೋದದ್ದು ಹಿಂದಿರುಗುವ ದಾರಿ ಒಂದೇ. ಆ ಬರಹ ಪುಸ್ತಕವಾಗಬೇಕು. ಊರ ಹೊರಗಿನವರು, ನಮಗೂ ಅವರಿಗೂ ಏನೂ ಸಂಬಂಧವಿಲ್ಲದವರು, ಓದಿ ಮೆಚ್ಚಿ ಅಚ್ಚು ಹಾಕಿಸಬೇಕು. ಆ ಪುಸ್ತಕವನ್ನು ಹೇಳಿದವರ ಮುಂದೆ ಕೂತು ಜೋರಾಗಿ ಓದಬೇಕು. ಓದಿದಂತೆಲ್ಲ ಒಂದೊಂದೇ ಮರಳಿ ಬರುತ್ತದೆ, ಬಂದದ್ದು ಸಾಯುವ ತನಕ ಮತ್ತೆ ಹೋಗುವುದಿಲ್ಲ. ಅರವತ್ತಕ್ಕೆ ಅರಳು ಮರಳು ಅನ್ನುವ ಮಾತು ಅಂಥವರಿಗೆ ತಾಗುವುದಿಲ್ಲ. ನಮಗೆ ನಾವೇ ಅಚ್ಚು ಹಾಕಿಸಿಕೊಂಡರೆ ನಡೆಯುವುದಿಲ್ಲ. ಗದಿಗೆಪ್ಪ ಮಾಸ್ತರರು ತಮ್ಮ ತಂದೆಯ ಜೀವನ ಬರೆದರು, ಯಾರೂ ಒಪ್ಪದಾಗ ಹಟಕ್ಕೆ ಬಿದ್ದು ತಾವೇ ಮುದ್ರಿಸಿದರು. ಓದಿದ್ದೇ ಓದಿದ್ದು. ಮುದುಕ ಕಿವಿ ಕೆರೆದುಕೊಳ್ಳುತ್ತ ಸುಮ್ಮನೆ ಕೂತಿದ್ದ. ಆ ಪುಸ್ತಕದ ಹಾಳೆಗಳಲ್ಲಿ ಬಸ್ ಸ್ಟ್ಯಾಂಡಿನವರು ಇವತ್ತಿಗೂ ಮಿರ್ಚಿ ಭಜಿ ಕಟ್ಟಿಕೊಡುತ್ತಾರೆ. ನನಗೆ ಆ ಭಜಿ ಗಂಟಲಲ್ಲಿ ಇಳಿಯುವುದಿಲ್ಲ.

ನಾನು ಪ್ರಮೀಳಾ. ಸೀರೆಗೆ ಫಾಲ್ ಹಚ್ಚಿ ಪಿಕೋ ಮಾಡಿಕೊಡುವುದು ನನ್ನ ಹೊಟ್ಟೆಪಾಡು. ಕಾದಂಬರಿ ಬರೆದು ಹೆಸರು ಮಾಡಬೇಕು ಅನ್ನುವುದು ಹುಚ್ಚು. ಮದುವೆ ಆಗಲಿಲ್ಲ, ಆಗಲಿಲ್ಲವಲ್ಲ ಅನ್ನುವ ದುಃಖವೂ ಆಗಲಿಲ್ಲ. ಎರಡು ಕಾದಂಬರಿ ಬರೆದು ಮುಗಿಸಿದ್ದೆ. ಎರಡೂ ನಾನೇ ಕಟ್ಟಿದ ಕಥೆಗಳು, ರಾಜರು, ಕುದುರೆಗಳು, ಬಂಗಲೆಯಲ್ಲಿ ನಿಟ್ಟುಸಿರು ಬಿಡುವ ಒಡತಿಯರು. ಅವುಗಳಿಂದ ಯಾರ ತಲೆಯಿಂದಲೂ ಏನೂ ಹೋಗಲಿಲ್ಲ, ಯಾರ ತಲೆಗೂ ಏನೂ ಹೋಗಲಿಲ್ಲ. ಬಂದ ದಾರಿಗೆ ಸುಂಕವಿಲ್ಲ ಎಂಬಂತೆ ಎರಡೂ ಮನೆಗೆ ವಾಪಸು ಬಂದವು.

ಅವ್ವನ ಹೆಸರು ತುಳಸವ್ವ. ವಯಸ್ಸಿದ್ದಾಗ ನಾಟಕ ಕಂಪನಿಯಲ್ಲಿ ತುಳಸಾಬಾಯಿ ಆಗಿ ಮೆರೆದವಳು. ರಾಣಿ ಪಾರ್ಟು ಅಂದರೆ ತುಳಸಾಬಾಯಿಯೇ ಆಗಬೇಕು ಅನ್ನುತ್ತಿದ್ದರಂತೆ. ಮನೆಯಲ್ಲಿ ಹೀರೇಕಾಯಿ ಹೆಚ್ಚುವಾಗಲೂ ಆಕೆಯ ದನಿ ಹಿಂದಿನ ಸಾಲಿನವರಿಗೆ ಕೇಳುವಂತೆಯೇ ಇರುತ್ತಿತ್ತು. ಅಂಥವಳು ಒಂದು ದಿನ ಹಾಡಿನ ನಡುವೆ ನಿಂತಳು. ಮುಂದಿನ ಸಾಲು ಬರಲಿಲ್ಲ. ಆಮೇಲೆ ಚಹಾಕ್ಕೆ ಉಪ್ಪು ಬಿತ್ತು, ಆಮೇಲೆ ಮಸಾಲೆ ಗಿರಣಿಗೆ ಹೋದವಳು ದಾರಿ ತಪ್ಪಿದಳು. ಡಾಕ್ಟರು ತಲೆಯ ಚಿತ್ರ ನೋಡಿ, ‘ಇದು ನಿಧಾನಕ್ಕ ಎಲ್ಲಾ ಒಯ್ಯತೈತ್ರಿ, ತಡಿಯೂ ಔಷಧ ಇಲ್ಲ’ ಅಂದರು. ವಾಪಸು ಬರುವಾಗ ಆಟೋದಲ್ಲಿ ಅವ್ವ ನನ್ನ ಮೊಣಕಾಲ ಮೇಲೆ ಒಂದು ಏಟು ಹಾಕಿದಳು.

‘ಪಮ್ಮಿ, ನನ್ನ ಬರಿ.’

‘ಹುಚ್ಚು ಹಿಡದೈತೇನಬೇ ನಿನಗ?’

‘ಹೆಂಗಿದ್ರೂ ಹೋಗೂದೈತಿ. ಕಳ್ಳ ಒಯ್ಯೂಕಿಂತ ಮೊದಲ ನಾವ ತಗದು ಇಡೂಣು. ಅಚ್ಚಾತಂದ್ರ ತಿರುಗಿ ಬರತೈತಿ, ಮತ್ತ ಯಾವ ರೋಗಾನೂ ಒಯ್ಯಂಗಿಲ್ಲ. ನಿನ್ನ ರಾಜಾ ರಾಣಿ ಯಾರಿಗಿ ಬೇಕಾಗಿತ್ತು? ನನ್ನ ಕತಿ ಬರಿ, ಯಾವ ಗಂಡಸು ಒಲ್ಲೆ ಅಂತಾನ ನೋಡೂಣು.’

‘ಅಚ್ಚಾಗಲಿಲ್ಲಂದ್ರ?’

‘ನನ್ನ ಮಗಳಿಗೆ ಬರಿಯಾಕ ಬರೂದಿಲ್ಲ ಅಂತ ತಿಳಕೋತೇನಿ.’ ಅಂದವಳು ತಾನೇ ನಕ್ಕಳು. ‘ತಿಳಕೊಳ್ಳಾಕರೆ ತಲಿ ಎಲ್ಲಿರತೈತಿ ಬಿಡು.’

ನನಗೆ ಹೆದರಿಕೆಯಾಯಿತು. ಹೆದರಿಕೆಯ ಜೊತೆಗೇ ಆಸೆಯೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಅಂಥ ಕಥೆ ಯಾವ ಬರಹಗಾರರಿಗೆ ಮನೆಯಲ್ಲೇ ಸಿಗುತ್ತದೆ? ಮರುದಿನ ಮಷಿನಿನ ಮೇಲೆ ಹೊದಿಕೆ ಹಾಕಿ ಬರೆಯಲು ಕೂತೆ. ಅವ್ವ ಬಾಲ್ಯದಿಂದ ಶುರು ಮಾಡಿದಳು. ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದ ಅಪ್ಪ, ಕದ್ದು ಕೇಳಿ ಕಲಿತ ಹಾಡು, ಕಂಪನಿಯ ಲಾರಿ ಹಿಂದೆ ಓಡಿ ಹತ್ತಿದ್ದು. ನಾನು ಬರೆಯುತ್ತಿದ್ದೆ, ಅದು ಹೋಗುತ್ತಿತ್ತು. ಸಂಜೆ ಚಹಾ ಕುಡಿಯುತ್ತ ‘ನಿಮ್ಮಪ್ಪ ಏನು ಮಾಡತಿದ್ದ ಅವ್ವಾ?’ ಎಂದು ಪರೀಕ್ಷೆ ಮಾಡಿದೆ. ಆಕೆ ಬಾಯಿ ತೆರೆದಳು, ಮುಚ್ಚಿದಳು, ‘ಗೊತ್ತಿಲ್ಲವಾ’ ಅಂದಳು. ಮತ್ತೆ ಅಂಥ ಪರೀಕ್ಷೆ ಮಾಡಲು ನನಗೆ ಧೈರ್ಯ ಬರಲಿಲ್ಲ. ಪಕ್ಕದ ಮನೆಯ ಹುಸೇನಬಿ, ಪೇಟೆಯಲ್ಲಿ ಖಾರದ ಗಿರಣಿ ಇಟ್ಟವಳು, ತಾನಾಗಿಯೇ ಬಂದು ನಮ್ಮ ಬಾಗಿಲಿಗೆ ಬಿಳಿ ಬಟ್ಟೆ ಕಟ್ಟಿ ಹೋದಳು. ‘ಲಗೂನ ಬಿಚ್ಚೂಹಂಗಾಗ್ಲಿ’ ಅಂದಳು, ಅಷ್ಟೇ.

ಒಂದು ವಿಷಯ ಮಾತ್ರ ಬರೆಯಲಿಲ್ಲ. ನಾನು. ಅವ್ವ ಆ ಕಡೆಗೆ ಹೊರಳಿದರೆ ಪೆನ್ನು ಕೆಳಗಿಟ್ಟುಬಿಡುತ್ತಿದ್ದೆ. ಕಾದಂಬರಿಯ ತುಳಸಾಬಾಯಿಗೆ ಮಕ್ಕಳೇ ಇರಲಿಲ್ಲ. ಎಲ್ಲವೂ ಹೋದ ಮೇಲೆ ಆಕೆಯ ತಲೆಯಲ್ಲಿ ಒಂದು ಪಮ್ಮಿಯಾದರೂ ಉಳಿಯಲಿ, ಕೂಗಲು ಒಂದು ಹೆಸರಾದರೂ ಇರಲಿ ಅಂತ ನನ್ನ ಲೆಕ್ಕ.

ಹಸ್ತಪ್ರತಿಯ ಕಟ್ಟು ಮೊದಲ ಪ್ರಕಾಶಕರಿಂದ ಮಳೆಗಾಲ ಶುರುವಾಗುವ ಮೊದಲೇ ವಾಪಸು ಬಂತು. ನಾಟಕ ಕಂಪನಿಯ ಕಥೆ ಈಗ ಯಾರು ಓದುತ್ತಾರೆ ಅಂದಿದ್ದರು. ನಾನು ಹೊಲಿಗೆ ಬಿಟ್ಟು ಗೋಡೆ ನೋಡುತ್ತ ಕೂತೆ. ಆಗ ಅವ್ವ ಒಳಗಿನ ಟ್ರಂಕಿನಿಂದ ತನ್ನ ಜರಿ ಸೀರೆ ಹಿಡಿದುಕೊಂಡು ಬಂದಳು. ಆ ಸೀರೆ ಉಟ್ಟು ಆಕೆ ನಿಂತರೆ ಜನ ಎದ್ದು ನಿಲ್ಲುತ್ತಿದ್ದರಂತೆ. ‘ಪಮ್ಮಿ, ಇದು ಯಾರದು? ಫಾಲ್ ಹಚ್ಚಾಕ ಕೊಟ್ಟಾರು ಮರತು ಬಿಟ್ಟು ಹೋಗ್ಯಾರೇನು ನೋಡು. ಪಾಪ, ಹುಡುಕತಿರತಾರು, ಕೊಟ್ಟು ಬಾ’ ಅಂದಳು. ನಾನು ಸೀರೆ ಇಸಿದುಕೊಂಡು ಕೊಟ್ಟು ಬರುವವಳ ಹಾಗೆ ಬೀದಿಗೆ ಹೋಗಿ, ಹುಸೇನಬಿಯ ಮನೆಯಲ್ಲಿ ಕೂತು ಅತ್ತು ಬಂದೆ. ಮರುದಿನವೇ ಕಟ್ಟನ್ನು ಇನ್ನೊಬ್ಬ ಪ್ರಕಾಶಕರಿಗೆ ಕಳಿಸಿದೆ. ಬರೆಯುವವರಿಗೆ ಎಲ್ಲರೂ ತಾಳ್ಮೆ ಇರಲಿ ಅಂತ ಹೇಳುತ್ತಾರೆ. ನನ್ನ ತಾಳ್ಮೆ ಮನೆಯಲ್ಲಿ ನಡೆದಾಡುತ್ತ, ದಿನಕ್ಕೊಂದಿಷ್ಟು ಸಣ್ಣದಾಗುತ್ತಿತ್ತು.

ಎರಡನೆಯವರಿಂದ ಹೌದು ಅನ್ನುವ ಉತ್ತರವೂ ಇಲ್ಲ, ಒಲ್ಲೆ ಅನ್ನುವ ಉತ್ತರವೂ ಇಲ್ಲ. ಫೋನು ಮಾಡಿದರೆ ಯಾರೂ ಎತ್ತುವುದಿಲ್ಲ. ಅವ್ವನನ್ನು ಹುಸೇನಬಿಯ ಹತ್ತಿರ ಬಿಟ್ಟು ಬಸ್ಸು ಹತ್ತಿ ಶಹರಕ್ಕೆ ಹೋದೆ. ಪ್ರಕಾಶಕರ ಅಂಗಡಿಗೆ ಬೀಗ. ಪಕ್ಕದ ಝೆರಾಕ್ಸಿನವನು, ‘ಮುಚ್ಚಿ ಹೋದ್ರು ಮೇಡಂ, ಪೇಪರೆಲ್ಲ ಹಿಂದಿನ ಬೀದಿ ರದ್ದಿಗೆ ಹಾಕಿದ್ರು’ ಅಂದ. ಓಡಿದೆ. ನಮ್ಮ ಹಿರಿಯರ ಮಾತೊಂದಿದೆ, ಕೈಯಿಂದ ಮೊದಲು ಇಳಿದ ಹಾಳೆಯೇ ಅಚ್ಚಿಗೆ ಹೋಗಬೇಕು, ನಕಲಿನಿಂದ ಅಚ್ಚಾದರೆ ಹೋದದ್ದು ಬರುವುದಿಲ್ಲ ಅಂತ. ನಿಜವೋ ಸುಳ್ಳೋ, ಹೆತ್ತವರನ್ನು ಪಣಕ್ಕಿಟ್ಟು ಯಾರು ನೋಡುತ್ತಾರೆ? ರದ್ದಿ ಅಂಗಡಿಯಲ್ಲಿ ಹಳೆಯ ಪಂಚಾಂಗ, ಪರೀಕ್ಷೆಯ ಉತ್ತರ ಪತ್ರಿಕೆ, ಯಾರು ಯಾರದೋ ಪದ್ಯ, ಎಲ್ಲದರ ರಾಶಿ. ನನ್ನ ಕಟ್ಟು ಆಗಲೇ ತಕ್ಕಡಿಯ ಮೇಲಿತ್ತು. ಅದನ್ನು ಎದೆಗೆ ಅವುಚಿಕೊಂಡು ಕೂತುಬಿಟ್ಟೆ. ಅಂಗಡಿಯವನಿಗೆ ಗಾಬರಿ.

‘ಏನಿದೆ ಮೇಡಂ ಅದ್ರಲ್ಲಿ, ಇಷ್ಟು ಅಳ್ತಿದ್ದೀರಲ್ಲ?’

‘ನಮ್ಮವ್ವ ಅದಾಳ್ರಿ.’

ಅವನು ಎರಡು ಹೆಜ್ಜೆ ಹಿಂದೆ ಸರಿದ. ಮತ್ತೇನೂ ಕೇಳದೆ ಕುಡಿಯಲು ನೀರು ತಂದಿಟ್ಟ.

ಮೂರನೆಯ ಪ್ರಕಾಶನದ ಸಂಪಾದಕರು ಸೀತಾಪತಿ ಅನ್ನುವ ವಯಸ್ಸಾದವರು. ನನ್ನ ಹಿಂದಿನ ಎರಡೂ ಕಾದಂಬರಿಗಳನ್ನು ಓದಿ ವಾಪಸು ಕಳಿಸಿದವರಲ್ಲಿ ಅವರೂ ಒಬ್ಬರು. ದಮ್ಮಿನ ರೋಗ, ನಾಲ್ಕು ಮಾತಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಕಟ್ಟನ್ನು ಪೂರ್ತಿ ಓದಿದ್ದರು, ಅದು ಹಾಳೆಗಳ ಮೂಲೆ ನೋಡಿದರೆ ಗೊತ್ತಾಗುತ್ತಿತ್ತು. ‘ಭಾಷೆ ಇದೆ, ಜೀವ ಇದೆ. ಕೂತ್ಕೊಳ್ಳಿ ಪ್ರಮೀಳಾ ಅವರೇ. ಆದ್ರೆ ಒಂದು ಕಡೆ ನೀವು ಓದುಗರಿಗೆ ಮೋಸ ಮಾಡ್ತಿದ್ದೀರಿ. ಇಷ್ಟು ಮೆರೆದ ಹೆಂಗಸು ಒಂದು ದಿನ ಕಂಪನಿ ಬಿಟ್ಟು ಬಂದು ಸಣ್ಣ ಊರಲ್ಲಿ ಕೂರ್ತಾಳೆ. ಯಾಕೆ? ಅದನ್ನೇ ನುಂಗಿಬಿಟ್ಟಿದ್ದೀರಲ್ಲ.’

‘ಅದಿಲ್ಲದಂಗ ನಡಿಯಂಗಿಲ್ಲೇನ್ರಿ?’ ಅಂದೆ.

‘ಅದಿಲ್ಲದೆ ಇದು ಕಾದಂಬರೀನೇ ಅಲ್ಲ. ಬರ್ಕೊಂಡು ಬನ್ನಿ, ಅಚ್ಚು ಹಾಕಿಸೋ ಜವಾಬ್ದಾರಿ ನಂದು.’

ಅವರಿಗೆ ನಮ್ಮೂರಿನ ವಿಷಯ ಹೇಳಲಾಗಲಿಲ್ಲ. ಹೊರಗಿನವರು ಅದನ್ನು ಕೇಳಿ ನಗುತ್ತಾರೆ, ಇಲ್ಲವೇ ಹೊಸ ಕಥೆ ಸಿಕ್ಕಿತು ಅನ್ನುತ್ತಾರೆ. ಮನೆಗೆ ಬಂದು ನಾನೇ ಒಂದು ಕಾರಣ ಕಟ್ಟಿದೆ. ಒಬ್ಬ ತಬಲಾದವನ ಪ್ರೇಮ, ಅವನ ಮೋಸ, ಅವಮಾನ ತಾಳಲಾರದೆ ತುಳಸಾಬಾಯಿ ಕಂಪನಿ ಬಿಟ್ಟಳು ಅಂತ. ಬೆವರು ಸುರಿಸಿ ಬರೆದೆ. ಸೀತಾಪತಿ ಎರಡೇ ಪುಟ ಓದಿ ಕನ್ನಡಕ ತೆಗೆದರು. ‘ಇದು ಬೇರೆ ಯಾರದೋ ಕೈ. ಹಿಂದಿನ ಎರಡು ಕಾದಂಬರಿ ಬರೆದವರ ಕೈ ಇರಬೇಕು’ ಅಂದರು. ನಾಚಿಕೆಯಿಂದ ಸಾಯುವ ಹಾಗಾಯಿತು.

ಆ ವಾರವೇ ಇನ್ನೊಂದು ಆಯಿತು. ಬಚ್ಚಲಿನಿಂದ ಅವ್ವ ನನ್ನನ್ನು ಕೂಗಲು ಬಾಯಿ ತೆರೆದವಳು, ‘ಏ…’ ಅಂದು ನಿಂತಳು. ನಾನು ಬಾಗಿಲಿನ ಹೊರಗೇ ನಿಂತಿದ್ದೆ. ಆಕೆ ತಡಕಾಡುತ್ತಿದ್ದುದು ನನಗೆ ಕೇಳಿಸುತ್ತಿತ್ತು. ಕೊನೆಗೆ, ‘ಪಮ್ಮಿ! ಟಾವೆಲ್ಲು ಕೊಡ’ ಅಂದಳು. ಬರೆಯದಿದ್ದರೆ ರೋಗ ನನ್ನನ್ನೂ ಒಯ್ಯುತ್ತದೆ, ರೋಗ ಒಯ್ದದ್ದನ್ನು ಯಾವ ಪುಸ್ತಕವೂ ತಂದುಕೊಡುವುದಿಲ್ಲ. ಬರೆದರೆ ನಾನೇ ಒಯ್ಯುತ್ತೇನೆ, ಮರಳಿ ತರಬಹುದು, ತರದೆಯೂ ಹೋಗಬಹುದು. ಅತ್ತ ದರಿ ಇತ್ತ ಪುಲಿ ಅನ್ನುವುದನ್ನು ಶಾಲೆಯಲ್ಲಿ ಉರು ಹೊಡೆದಿದ್ದೆ. ಅರ್ಥ ಆದದ್ದು ಅವತ್ತು.

ನಾನು ಹೇಳದಿದ್ದರೂ ಅವ್ವನಿಗೆ ತಿಳಿಯಿತು. ಊಟ ಮಾಡಿ ಕೈ ಒರೆಸಿಕೊಳ್ಳುತ್ತ, ‘ಆ ಮುದುಕ ಏನು ಕೇಳ್ಯಾನ ಅದನ್ನ ಬರಿ’ ಅಂದಳು. ‘ನಿನ್ನ ಮಾರಿ ನೋಡಿದ್ರ ಗೊತ್ತಾಗತೈತಿ. ನಿನ್ನೊಂದ ಉಳಿಸಿಕೊಂಡು ನಾ ಏನ್ ಮಾಡಲಿ? ಎಲ್ಲಾ ಕೂಡೇ ಬರಲಿ. ಬಲಗೈಲೆ ಬರಿ, ಎಡಗೈಲೆ ನನ್ನ ಕೈ ಹಿಡಕೊ. ಒಮ್ಮೆಲೆ ಒಬ್ಬಾಕಿ ಆಗಿ ಹೆದರಬಾರದು ನಾ.’

ಹಾಗೇ ಕೂತೆವು. ಬಿಸಿಲು ಮಷಿನಿನ ಮೇಲೆ ಬಿದ್ದಿತ್ತು. ಅವ್ವ ನನ್ನ ಮುಖವನ್ನೇ ನೋಡುತ್ತ ಹೇಳಿದಳು. ‘ನೀ ಹುಟ್ಟಿದ್ದು ಬಣ್ಣಾ ಹಚ್ಚೂ ಖೋಲ್ಯಾಗ. ಮ್ಯಾನೇಜರ್ ಅಂದ, ತುಳಸಾ, ಕೂಸಿನ್ನ ಯಾರಿಗರೆ ಕೊಟ್ಟುಬಿಡು, ಬಗಲಾಗ ಕೂಸಿಟಕೊಂಡ ರಾಣೀನ್ನ ಯಾರು ನೋಡತಾರ. ನಾ ಹೂಂ ಅಂದೆ. ತಲಿ ಯಾಕ ತಗ್ಗಸ್ತಿ, ಬರಿ, ಹೂಂ ಅಂದಿದ್ದೆ. ಕೊಡೂ ದಿನಾನೂ ಗೊತ್ತಾಗಿತ್ತು. ಹಿಂದಿನ ದಿನ ಆಟ. ನಿನಗ ಕೆಂಡದಂಥಾ ಜ್ವರ. ನಾ ಸ್ಟೇಜಿನ ಮ್ಯಾಲೆ, ಪರದೆ ಹಿಂದ ನೀ ಅಳಾಕತ್ತಿ. ಜನ್ಮದಾಗ ಮೊದಲನೇ ಸಲ ಮಾತು ಅರ್ಧಕ್ಕ ಬಿಟ್ಟೆ. ಎದುರಿಗಿ ರಾಜಾ ಬಾಯಿ ತಗದು ನಿಂತಾನ, ಮಂದಿ ಸೀಟಿ ಹೊಡ್ಯಾಕತ್ತಾರ. ಕಿರೀಟ ಸುದ್ದಾ ತಗೀಲಿಲ್ಲ, ಹಂಗ ಹೋಗಿ ನಿನ್ನ ಎತ್ತಿಕೊಂಡು ಹಿಂದಿನ ಬಾಗಲಾದಿಂದ ಹೊರಗ ಬಿದ್ದೆ. ಬಸ್ಸಿನ್ಯಾಗ ಮಂದಿ ನನ್ನ ನೋಡಿ ನಗತಿದ್ರು. ನೀ ಕಿರೀಟದ ಮಣಿ ಹಿಡದು ಜಗ್ಗತಿದ್ದಿ. ಈ ಊರು ಬಂದಾಗ ಜ್ವರ ಬಿಟ್ಟಿತ್ತು, ಅದಕ್ಕ ಇಲ್ಲೇ ಇಳದೆ.’ ಆಮೇಲೆ ನನ್ನ ಮೊದಲ ಹೆಜ್ಜೆ, ಶಾಲೆ, ಹೊಲಿಗೆ ಮಷಿನು ತಂದ ದಿನ, ಎಲ್ಲವನ್ನೂ ಒಂದರ ಹಿಂದೊಂದು ಹೇಳಿದಳು. ನನ್ನ ಪೆನ್ನು ಮಾತಿಗಿಂತ ಹಿಂದಿತ್ತು. ಆಕೆ ಹೇಳಿ ಸುಮ್ಮನಾದ ಮೇಲೂ ನಾನು ಬರೆಯುತ್ತಿದ್ದೆ. ನನ್ನ ಎಡಗೈಯಲ್ಲಿ ಬಿಗಿಯಾಗಿದ್ದ ಬೆರಳುಗಳು ಮೆಲ್ಲಗೆ ಸಡಿಲಾದವು. ಕೊನೆಯ ಸಾಲು ಬರೆದು ತಲೆ ಎತ್ತಿದೆ. ಅವ್ವ ಬಹಳ ಮರ್ಯಾದೆಯಿಂದ ತನ್ನ ಕೈ ಬಿಡಿಸಿಕೊಂಡು ಸೆರಗು ಸರಿ ಮಾಡಿಕೊಂಡಳು. ಮಷಿನನ್ನು ನೋಡಿದಳು, ನನ್ನನ್ನು ನೋಡಿದಳು.

‘ಇಲ್ಲಿ ಪಿಕೋ ಮಾಡಿಕೊಡತೀರೇನ್ರಿ?’ ಅಂದಳು.

ನಮ್ಮವ್ವ ನನಗೆ ‘ರೀ’ ಅಂದದ್ದು ಅದೇ ಮೊದಲು. ಹೂಂ ಅಂದೆ.

ಅಲ್ಲಿಂದ ಮುಂದೆ ಎಲ್ಲವೂ ತಲೆಕೆಳಗಾಯಿತು. ಅವ್ವ ತನ್ನ ಮನೆಯಲ್ಲೇ ನೆಂಟರ ಹಾಗಿದ್ದಳು. ಅಡುಗೆಮನೆಗೆ ಕೇಳದೆ ಬರುತ್ತಿರಲಿಲ್ಲ. ಬೆಳಿಗ್ಗೆ ಎದ್ದವಳೇ ಎರಡು ಸೀರೆ ಗಂಟು ಕಟ್ಟಿ, ಹೊಸ್ತಿಲಲ್ಲಿ ಕೂತು, ‘ಭಾಳ ತ್ರಾಸ ಕೊಟ್ಟೆ ನಿಮಗ. ಹೋಗಿ ಬರತೇನ್ರಿ’ ಅನ್ನುತ್ತಿದ್ದಳು. ಎಲ್ಲಿಗೆ ಹೋಗಬೇಕು ಅನ್ನುವುದು ಗೊತ್ತಿರಲಿಲ್ಲ. ಒಮ್ಮೆ ಹೊರಟೇಬಿಟ್ಟಿದ್ದಳು, ಬಸ್ ಸ್ಟ್ಯಾಂಡಿನಿಂದ ಹಿಡಿದು ತಂದೆವು. ಆಮೇಲೆ ಬಾಗಿಲಿಗೆ ಚಿಲಕ ಹಾಕತೊಡಗಿದೆ, ಚಿಲಕದ ಸದ್ದಿಗೆ ಆಕೆ ಬೆಚ್ಚಿ ಗೋಡೆಗೆ ಅಂಟಿಕೊಳ್ಳುತ್ತಿದ್ದಳು. ಹೆತ್ತವಳು ನನ್ನನ್ನು ನೋಡಿ ಹೆದರುತ್ತಾಳೆ ಅನ್ನುವುದನ್ನು ನುಂಗುವುದು ಹೇಗೆ? ಹುಸೇನಬಿ, ‘ಈಕಿ ನಿನ್ನ ಮಗಳ ಅದಾಳಬೇ, ಪಮ್ಮಿ!’ ಅಂತ ನೂರು ಸಲ ಹೇಳಿದಳು. ಅವ್ವ ಚೇಷ್ಟೆಯ ಮಾತು ಕೇಳಿದವರಂತೆ ನಕ್ಕು ಸುಮ್ಮನಾಗುತ್ತಿದ್ದಳು. ಬಾಯಿಮಾತು ಅಂಥವರೊಳಗೆ ನಿಲ್ಲುವುದಿಲ್ಲ, ಊರಿಗೆಲ್ಲ ಗೊತ್ತಿದ್ದದ್ದೇ.

ಸೀತಾಪತಿ ಆ ಅಧ್ಯಾಯ ಓದಿ ಫೋನು ಮಾಡಿದರು. ಮೊದಲು ಉಸಿರೇ ಕೇಳಿಸಿತು. ಆಮೇಲೆ, ‘ಒಪ್ಪಿದೆ’ ಅಂದರು. ಕಾದಂಬರಿಕಾರ್ತಿಯಾದೆ! ಯಾರಿಗೆ ಹೇಳಲಿ? ಒಳಗೆ ಹೋಗಿ ಅವ್ವನಿಗೆ, ‘ನನ್ನ ಪುಸ್ತಕ ಅಚ್ಚಾಗತೈತ್ರಿ’ ಅಂದೆ. ‘ಛಲೋ ಆತು ಬಿಡ್ರಿ’ ಅಂದು ಆಕೆ ಗಂಟಿನ ತುದಿ ಬಿಗಿ ಮಾಡಿಕೊಂಡಳು. ದೀಪಾವಳಿಗೆ ಬರುತ್ತದೆ ಅಂದದ್ದು ಸಂಕ್ರಾಂತಿಗೆ ಹೋಯಿತು, ಅಲ್ಲಿಂದ ಯುಗಾದಿಗೆ. ನಡುವೆ ಸೀತಾಪತಿ ಆಸ್ಪತ್ರೆ ಸೇರಿದರು. ಪ್ರಕಾಶನದ ಮಾಲೀಕರ ಮಗ ಫೋನಿನಲ್ಲಿ, ‘ಏನೂ ವರಿ ಮಾಡ್ಬೇಡಿ ಮೇಡಂ, ನಾನೇ ನೋಡ್ಕೊಳ್ತಿದ್ದೀನಿ’ ಅಂದ. ಆ ದನಿ ಕೇಳಿದಾಗಿನಿಂದ ನನಗೆ ನಿದ್ದೆ ಹತ್ತಲಿಲ್ಲ.

ಕೊನೆಗೂ ಬಸ್ಸಿನಲ್ಲಿ ಪಾರ್ಸಲ್ ಬಂತು. ಓದುವ ಮೊದಲು ಪುಸ್ತಕ ತೆರೆಯಬಾರದು, ಅದು ನಮ್ಮೂರ ಕಟ್ಟುಪಾಡು. ತೆರೆದರೆ ಅರ್ಧ ಅಲ್ಲೇ ಹಾರಿಹೋಗುತ್ತದಂತೆ. ಹೊದಿಕೆಯ ಮೇಲೆ ನನ್ನ ಹೆಸರು ನೋಡಿದೆ, ಬೆರಳಿಂದ ಮುಟ್ಟಿದೆ, ಹಾಗೇ ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ತಂದೆ. ಸುದ್ದಿ ಹಬ್ಬಿ, ನಮ್ಮ ಕಟ್ಟೆಯ ಮುಂದೆ ಬೀದಿಯ ಜನವೆಲ್ಲ ಸೇರಿತು. ಗದಿಗೆಪ್ಪ ಮಾಸ್ತರರೂ ಬಂದು ಹಿಂದೆ ನಿಂತರು. ಹುಸೇನಬಿ ಬಿಳಿ ಬಟ್ಟೆ ಬಿಚ್ಚಲು ಬಾಗಿಲ ಪಕ್ಕವೇ ಕೂತಳು. ಓದುವವರು ಒಂದು ಅಕ್ಷರ ಬಿಡಬಾರದು, ಒಂದು ಅಕ್ಷರ ಸೇರಿಸಬಾರದು. ಅವ್ವನನ್ನು ನನ್ನ ಎದುರಿಗೆ ಕೂರಿಸಿ ಓದತೊಡಗಿದೆ.

ಹಾರ್ಮೋನಿಯಂ ಬಂದ ಕಡೆ ಅವ್ವನ ತಲೆ ಮೇಲೆದ್ದಿತು. ‘ನಮ್ಮಪ್ಪ’ ಅಂದಳು ಮೆಲ್ಲಗೆ. ಕಂಪನಿಯ ಲಾರಿ ಬಂದಾಗ ಬೆನ್ನು ನೆಟ್ಟಗಾಯಿತು. ಮೊದಲ ಹಾಡು ಬಂದ ಕಡೆ ನಾನು ಓದುವ ಮೊದಲೇ ಮುಂದಿನ ಸಾಲನ್ನು ತಾನೇ ಎತ್ತಿದಳು. ಏನು ದನಿ! ಕಟ್ಟೆಯ ಮುಂದಿದ್ದವರು ಅಳತೊಡಗಿದರು. ಮರೆತವಳ ಮುಖ ಸುಲಿದು, ಒಳಗಿಂದ ತುಳಸಾಬಾಯಿ ಹೊರಗೆ ಬರುತ್ತಿದ್ದಳು. ನನ್ನ ಕಣ್ಣು ಒದ್ದೆಯಾಗಿ ಅಕ್ಷರ ಕಲಸಿದರೂ ಬಿಡದೆ ಓದಿದೆ. ಇನ್ನು ಸ್ವಲ್ಪ, ಇನ್ನು ಸ್ವಲ್ಪ. ಕಂಪನಿಯಲ್ಲಿ ಕಳೆದ ಕೊನೆಯ ಸೀಸನ್ನಿನ ಅಧ್ಯಾಯ ಮುಗಿಯಿತು. ಇನ್ನು ಬಣ್ಣ ಹಚ್ಚುವ ಖೋಲಿ, ಇನ್ನು ಕೂಸು. ಪುಟ ತಿರುವಿದೆ. ‘ತುಳಸಾಬಾಯಿ ಆ ಸಣ್ಣ ಊರಿಗೆ ಬಂದು ಬಹಳ ವರ್ಷಗಳಾಗಿದ್ದವು’ ಎಂದಿತ್ತು.

ಹಿಂದಕ್ಕೆ ತಿರುವಿದೆ, ಮುಂದಕ್ಕೆ ತಿರುವಿದೆ. ಇರಲಿಲ್ಲ. ಜನ ಕಾಯುತ್ತಿದ್ದರು, ಅವ್ವ ಕಾಯುತ್ತಿದ್ದಳು. ಆ ಅಧ್ಯಾಯ ನನಗೆ ಬಾಯಿಪಾಠ. ಪುಸ್ತಕ ಹಿಡಿದುಕೊಂಡೇ, ಅಲ್ಲಿದೆ ಅನ್ನುವವಳ ಹಾಗೆ, ‘ಪರದೆಯ ಹಿಂದೆ ಕೂಸು ಅಳುತ್ತಿತ್ತು’ ಎಂದು ಶುರು ಮಾಡಿದೆ.

‘ತಡೀರಿ,’ ಅವ್ವ ಕೈ ಎತ್ತಿದಳು. ‘ಇದು ಪುಸ್ತಕದಾಗಿಲ್ಲ. ನಿಮ್ಮ ಕಣ್ಣು ಹಾಳಿ ಮ್ಯಾಲಿಲ್ಲ. ಸ್ಟೇಜಿನ ಮ್ಯಾಲೆ ಮಾತು ಮರತಾಕಿ ತನ್ನದು ಸೇರಸಿದ್ರ ನನಗ ದೂರದಿಂದ ಗೊತ್ತಾಗತಿತ್ತು. ಇದ್ದದ್ದಷ್ಟ ಓದ್ರಿ.’

ಇದ್ದದ್ದಷ್ಟೇ ಓದಿದೆ. ಕೊನೆಯ ಪುಟದ ತನಕ ಓದಿದೆ. ಚಪ್ಪಾಳೆ ಬಿತ್ತು. ಅವ್ವ ಎದ್ದು ನಿಂತು, ಎರಡೂ ಕೈ ಜೋಡಿಸಿ, ನಾಟಕ ಮುಗಿದ ಮೇಲೆ ನಿಲ್ಲುವಂತೆ ಜನರ ಮುಂದೆ ನಿಂತಳು. ಹುಸೇನಬಿ ಬಟ್ಟೆಯ ಗಂಟಿಗೆ ಕೈ ಹಾಕಿದವಳು ನನ್ನ ಮುಖ ನೋಡಿ ಕೈ ತೆಗೆದಳು. ಮಾಸ್ತರರು ಚಪ್ಪಲಿ ಮೆಟ್ಟಿ ಹೋದರು.

ಪಾರ್ಸಲಿನಲ್ಲಿ ಉಳಿದ ಪ್ರತಿಗಳ ಕೆಳಗೆ ನನ್ನ ಕೈಬರಹದ ಆ ಹಾಳೆಗಳಿದ್ದವು, ಅಚ್ಚುಕಟ್ಟಾಗಿ ದಾರ ಕಟ್ಟಿ. ಮೇಲೆ ಮಾಲೀಕರ ಮಗನ ಒಂದು ಚೀಟಿ: ಹದಿನಾರು ಪುಟದ ಒಂದು ಫಾರ್ಮ್ ಹೆಚ್ಚಾಗುತ್ತಿತ್ತು, ಮಗಳ ಅಧ್ಯಾಯ ಬಿಟ್ಟರೂ ಕಥೆಯ ಓಟಕ್ಕೆ ತೊಂದರೆಯಿಲ್ಲ, ಶುಭಾಶಯಗಳು. ಬಯ್ಯಬೇಕು ಅನ್ನಿಸಿತು, ಬಯ್ಗುಳ ಬರಲಿಲ್ಲ. ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತೆ. ಸೀತಾಪತಿ ಹಾಸಿಗೆಯಲ್ಲಿದ್ದಾರೆ, ಅಚ್ಚಾದ ಪುಸ್ತಕ ಅಂಗಡಿಗೆ ಹೋಗಿಯಾಗಿದೆ. ಈ ಹಾಳೆಗಳಿಗೆ ಇನ್ನೊಂದು ಕಾದಂಬರಿ ಬೇಕು, ಇನ್ನೊಬ್ಬ ಪ್ರಕಾಶಕ ಬೇಕು. ಅವ್ವನಿಗೆ ಎಪ್ಪತ್ತು ದಾಟಿದೆ. ಅಷ್ಟರಲ್ಲಿ ಆಕೆಗೇ ಏನಾದರೂ ಆದರೆ? ಅದನ್ನು ಮುಂದಕ್ಕೆ ಯೋಚಿಸಲಾಗಲಿಲ್ಲ.

ಅವ್ವ ಪುಸ್ತಕ ಹಿಡಿದುಕೊಂಡು ಒಳಗೆ ಬಂದು ನನ್ನ ಎದುರಿಗೆ ಕೂತಳು. ಮುಖ ಕಳೆಕಳೆಯಾಗಿತ್ತು.

‘ಇದನ್ನ ಬರದಾಕಿ ನೀವ ಏನ್ರಿ?’

ತಲೆಯಾಡಿಸಿದೆ.

‘ನನ್ನ ಹೊಟ್ಟ್ಯಾಗ ಹೊಕ್ಕು ನೋಡಿ ಬರದಂಗೈತಿ. ಆದ್ರ ಒಂದು ಮಾತು, ಸಿಟ್ಟಾಗಬ್ಯಾಡ್ರಿ. ಕಂಪನಿ ಯಾಕ ಬಿಟ್ಟೆ ಅಂತ ಬರದಿಲ್ಲ ನೀವು.’ ಆಕೆಯ ದನಿ ಸಣ್ಣದಾಯಿತು. ‘ಸುಮ್ಮಸುಮ್ಮನ ಬಿಡೂವಾಕಿ ಅಲ್ಲ ನಾ. ಅಲ್ಲಿ ಬಂದ್ರ ಎದಿಯೊಳಗ ಏನೋ ಖಾಲಿ ಖಾಲಿ ಅನಸತೈತಿ. ಯಾಕ ಬಿಟ್ಟೆ ನಾ?’

ನನ್ನ ಕಣ್ಣೀರು ನೋಡಿ ಆಕೆಗೆ ಪಾಪ ಅನ್ನಿಸಿತು. ನನ್ನ ತಪ್ಪು ಎತ್ತಿ ಆಡಿದ್ದಕ್ಕೆ ಅಳುತ್ತಿದ್ದೇನೆ ಅಂದುಕೊಂಡಳೋ ಏನೋ, ಹತ್ತಿರ ಸರಿದು ಬೆನ್ನು ಸವರಿದಳು.

‘ಅಳಬ್ಯಾಡ್ರಿ. ತಾಯಿ ಅದಾರೇನ್ರಿ ನಿಮಗ?’

‘ಅದಾಳ್ರಿ.’

‘ಹಂಗಾರ ಅವರದೂ ಒಂದು ಬರೀರಿ. ಇಷ್ಟ್ ಚಂದ ಬರೀತೀರಿ, ಹೆತ್ತಾಕಿ ಕೇಳಿದ್ರ ಎಷ್ಟ್ ಹಿಗ್ಗತಾಳೊ.’

‘ಬರೀತೇನ್ರಿ’ ಅಂದೆ.